ತೋಳದ ಗುಂಪಿನಲ್ಲಿ ‘ಆಲ್ಫಾ’ ಯಾರು?

ಪ್ರಶ್ನೆ: ಉಳಿದ ಗಂಡುಗಳನ್ನು ಹೊಡೆದು ಸೋಲಿಸಿದ ತೋಳವೇ ಗುಂಪಿನ ‘ಆಲ್ಫಾ’, ಅಂದರೆ ನಾಯಕ, ಆಗುತ್ತದಂತೆ, ಹೌದಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕವೇ ತಪ್ಪಿಹೋಗಿದೆ. ಇನ್ನೊಂದು ಸಲ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಇಲ್ಲ. ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಒಂದು ಸಂಸಾರ. ಅಪ್ಪ, ಅಮ್ಮ, ಈ ವರ್ಷದ ಮರಿಗಳು, ಜೊತೆಗೆ ಹೋದ ವರ್ಷದ ಒಂದೆರಡು ಮಕ್ಕಳು. ದೊಡ್ಡವರು ಅಂತ ಅಪ್ಪ ಅಮ್ಮನ ಮಾತು ನಡೆಯುತ್ತದೆ, ಅಷ್ಟೇ. ಯಾರನ್ನೂ ಕೆಡವಿ ಅವರು ಆ ಜಾಗಕ್ಕೆ ಬಂದಿರುವುದಿಲ್ಲ.

ಹಾಗಾದರೆ ಆ ಮಾತು ಹುಟ್ಟಿದ್ದೆಲ್ಲಿ? ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಅಲ್ಲಿನ ತೋಳಗಳನ್ನು ವರ್ಷಗಟ್ಟಲೆ ನೋಡಿ 1947ರಲ್ಲಿ ಬರೆದರು. ಅವರು ಕಂಡ ಜಗಳ ಸುಳ್ಳಲ್ಲ. ಆದರೆ ಜಾಗ ನೋಡಿ: ಸುಮಾರು 10 ಮೀಟರ್ ಅಗಲ, 20 ಮೀಟರ್ ಉದ್ದದ ಆವರಣ. ಕಾಡಿನಲ್ಲಿ ಪ್ರಾಯಕ್ಕೆ ಬಂದ ತೋಳ ಮನೆ ಬಿಟ್ಟು ಹೋಗುತ್ತದೆ, ಜೋಡಿ ಹುಡುಕಿಕೊಂಡು ತನ್ನದೇ ಸಂಸಾರ ಹೂಡುತ್ತದೆ. ಬೇಲಿಯೊಳಗಿನದು ಎಲ್ಲಿಗೆ ಹೋಗಬೇಕು? ಕಚ್ಚಾಡದೆ ಇನ್ನೇನು ಮಾಡೀತು?

ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಈ ‘ಆಲ್ಫಾ’ ಮಾತನ್ನೇ ಬರೆದರು, ಅದು ಎಲ್ಲ ಕಡೆ ಹರಡಿತು. ಆಮೇಲೆ 1986ರಿಂದ ಅವರು ಬೇಸಿಗೆ ಬಂದರೆ ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೆ ಹೋಗಿ ಕಾಡುತೋಳಗಳ ಪಕ್ಕದಲ್ಲೇ ಕೂತರು. ಅಲ್ಲಿ ಕಂಡದ್ದೇ ಬೇರೆ. ಬೇಟೆಯಿಂದ ಮರಳಿದ ತೋಳದ ಸುತ್ತ ಮರಿಗಳು ಮುತ್ತಿಕೊಂಡು ಅದರ ಬಾಯಿ ನೆಕ್ಕುತ್ತವೆ. ಅದು ತಲೆ ತಗ್ಗಿಸಿ, ನುಂಗಿ ತಂದ ಮಾಂಸವನ್ನು ಅವುಗಳ ಮುಂದೆ ಕಕ್ಕುತ್ತದೆ. ನಿಮ್ಮ ಮನೆ ನಾಯಿ ನಿಮ್ಮ ಗಲ್ಲ ನೆಕ್ಕಲು ಹಾರುತ್ತದಲ್ವಾ, ಅದರ ಬೇರು ಇಲ್ಲೇ ಇದೆ.

1999ರಲ್ಲಿ ಮೆಕ್ ‘ಆಲ್ಫಾ’ ಪದ ಇಲ್ಲಿಗೆ ಹೊಂದುವುದಿಲ್ಲ ಅಂತ ಬರೆದರು. ತಮ್ಮ ಪುಸ್ತಕದ ಮುದ್ರಣ ನಿಲ್ಲಿಸಿ ಎಂದು ಪ್ರಕಾಶಕರನ್ನು ಕೇಳುತ್ತಲೇ ಬಂದರು. 2022ರಲ್ಲಿ ಅದು ನಿಂತಿತು. ತಾನೇ ಹರಡಿದ ಮಾತನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳಲು ಎಷ್ಟು ದೊಡ್ಡ ಮನಸ್ಸು ಬೇಕು! ಪಾಠ ಮಾಡುವಾಗೆಲ್ಲ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಹಾಗಂತ ತೋಳಗಳು ಕಾದಾಡುವುದೇ ಇಲ್ಲ ಅಂತಲ್ಲ. ಅಕ್ಕಪಕ್ಕದ ಗುಂಪುಗಳ ನಡುವೆ ಸಾಯುವಷ್ಟು ಕಾದಾಟ ನಡೆಯುತ್ತದೆ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಂಥ ಕಡೆ ಒಂದೇ ಗುಂಪಿನಲ್ಲಿ ಎರಡು ಮೂರು ಹೆಣ್ಣು ತೋಳಗಳು ಮರಿ ಹಾಕುವುದೂ ಉಂಟು.

ಸಂಸಾರ ಅಂದಾಗ ನನಗೆ ನೆನಪಾಗುವುದು ಮನುಷ್ಯರು ತೋಳಗಳನ್ನು ಬೇಟೆಯಾಡಿದ ಕಥೆ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಅಂತ ನಮ್ಮಲ್ಲಿ ಗಾದೆಯೇ ಇದೆ. ಕುರಿ ಕಳೆದುಕೊಂಡವರ ಸಿಟ್ಟು ಅದು, ಅರ್ಥವಾಗುತ್ತದೆ. ಆದರೆ ಬ್ರಿಟಿಷ್ ಸರ್ಕಾರ ತೋಳದ ತಲೆಗೆ ಇನಾಮು ಕಟ್ಟಿತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕದಲ್ಲಿ 1875ರಿಂದ 1925ರವರೆಗೆ ಇನಾಮಿಗಾಗಿ ಸತ್ತ ತೋಳಗಳು ಸುಮಾರು 2 ಲಕ್ಷ. ಓಡುವ ತೋಳಕ್ಕೆ ಗುರಿ ಇಡುವುದು ಕಷ್ಟ, ಗವಿಯೊಳಗಿನ ಮರಿಗಳನ್ನು ಹಿಡಿಯುವುದು ಸುಲಭ; ಹಾಗಾಗಿ ಏಟು ಬೀಳುತ್ತಿದ್ದದ್ದು ಸಂಸಾರಕ್ಕೇ.

ಈಗ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮ ಇದೆ. 2025ರಲ್ಲಿ ಅಲ್ಲಿನ ಒಂದು ತಾಯಿ 8 ಮರಿ ಹಾಕಿತು.