ಹೆಪ್ಪು ಬೇಕೋ ಬೇಡವೋ: ಟೈಟಾನಿಯಂ ಮತ್ತು ನೆತ್ತರಿನ ಹಳೆಯ ತಕರಾರು

ಹಾಲು ಮೊಸರಾದರೂ ನೆತ್ತರು ಗಟ್ಟಿಯಾದರೂ ಕನ್ನಡದಲ್ಲಿ ಬರುವುದು ಹೆಪ್ಪು ಎಂಬ ಮಾತೇ. ದವಡೆಯಲ್ಲಿ ಟೈಟಾನಿಯಂ ಬೇರು ಕೂರಿಸುವ ದಂತವೈದ್ಯರಿಗೆ ಹೆಪ್ಪು ಬೇಕು. ಮೂಳೆ ಬೆಳೆಯತೊಡಗುವುದು ಅದರ ಆಸರೆಯಲ್ಲೇ. ದುರ್ಬಲ ಹೃದಯಕ್ಕೆ ಟೈಟಾನಿಯಂ ಪಂಪ್ ಜೋಡಿಸುವ ಶಸ್ತ್ರವೈದ್ಯರಿಗೆ ಅದೇ ಹೆಪ್ಪು ಯಮಪಾಶ. ‘ರಕ್ತಕ್ಕೆ ಹೊಂದುವ ನ್ಯಾನೋ ಮೇಲ್ಮೈ’ ಎಂಬ ಸುದ್ದಿ ಓದುವಾಗ ಯಾರಿಗೆ ಹೊಂದುವುದು ಎಂದು ಮೊದಲು ಕೇಳಬೇಕಾದದ್ದು ಇದಕ್ಕಾಗಿ.

1960ರಲ್ಲಿ ಸ್ಟಾರ್–ಎಡ್ವರ್ಡ್ಸ್ ಕೃತಕ ಕವಾಟ ಬಂದಾಗಿನಿಂದ ದಶಕಗಟ್ಟಲೆ ನಡೆದುಬಂದ ನಂಬಿಕೆ ಸರಳವಾಗಿತ್ತು: ಮೇಲ್ಮೈ ಕನ್ನಡಿಯಂತೆ ನುಣುಪಾಗಿರಲಿ, ಉಳಿದದ್ದನ್ನು ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನೋಡಿಕೊಳ್ಳಲಿ. 1990ರ ದಶಕದ ಹಾರ್ಟ್‌ಮೇಟ್ ಪಂಪ್ ಈ ನಂಬಿಕೆಯನ್ನು ತಿರುವುಮುರುವು ಮಾಡಿತು. ಅದರ ಒಳಮೈಗೆ ಸಣ್ಣ ಟೈಟಾನಿಯಂ ಮಣಿಗಳನ್ನು ಬೆಸೆದು ಬೇಕೆಂದೇ ಒರಟು ಮಾಡಿದ್ದರು. ನೆತ್ತರು ಅಲ್ಲಿ ತೆಳ್ಳಗೆ ಅಂಟಿ ಜೀವಂತ ಅಸ್ತರಿಯಾಯಿತು. ಅನೇಕ ರೋಗಿಗಳಿಗೆ ಆಸ್ಪಿರಿನ್ ಒಂದೇ ಸಾಕಾಯಿತು.

ಇದಕ್ಕೆ ವಿವರಣೆಯ ಎಳೆ ಮೊದಲೇ ಸಿಕ್ಕಿತ್ತು. ನೆದರ್ಲೆಂಡ್ಸ್ ಮೂಲದ ಲಿಯೋ ವ್ರೋಮನ್ (ಇವರು ಹೆಸರಾಂತ ಕವಿಯೂ ಹೌದು) 1960ರ ದಶಕದಲ್ಲೇ ಗುರುತಿಸಿದಂತೆ, ಅನ್ಯ ವಸ್ತು ತಾಗಿದ ಕೆಲವೇ ಕ್ಷಣಗಳಲ್ಲಿ ರಕ್ತದ ಪ್ರೋಟೀನ್‌ಗಳು ಅದನ್ನು ಮುಚ್ಚುತ್ತವೆ. ಮೊದಲು ಕುಳಿತದ್ದನ್ನು ಆಮೇಲೆ ಬಂದದ್ದು ಎಬ್ಬಿಸಿ ತಾನು ಕೂರುತ್ತದೆ. ಹೆಪ್ಪು ಕಟ್ಟಲು ಮುಂದಾಗುವ ರಕ್ತದ ಕಿರುಕಣವಾದ ಪ್ಲೇಟ್‌ಲೆಟ್‌ಗೆ ಸಿಗುವುದು ಲೋಹವಲ್ಲ, ಈ ಹೊದಿಕೆ.

ಕಗ್ಗಂಟು ಶುರುವಾದದ್ದು ನ್ಯಾನೋ ಕೊಳವೆಗಳಿಂದ. ಫ್ಲೋರೈಡ್ ಬೆರೆತ ದ್ರಾವಣದಲ್ಲಿ ಟೈಟಾನಿಯಂ ತಗಡಿಗೆ ವಿದ್ಯುತ್ ಹಾಯಿಸಿದರೆ ಅದರ ಮೈಮೇಲೆ ಜೇನುಹಟ್ಟಿಯಂತೆ ಕೊಳವೆಗಳು ಏಳುತ್ತವೆ. ವೋಲ್ಟೇಜ್ ಹೆಚ್ಚಿಸಿದಷ್ಟೂ ಬಾಯಿ ಅಗಲ. ಪ್ಲೇಟ್‌ಲೆಟ್‌ನ ಅಗಲ 2–3 ಮೈಕ್ರಾನ್, ಅಂದರೆ 2,000–3,000 ನ್ಯಾನೋಮೀಟರ್. 100 ನ್ಯಾನೋಮೀಟರ್ ಬಾಯಿಯೊಳಗೆ ಅದು ಇಳಿಯುವ ಮಾತೇ ಇಲ್ಲ. ಆದರೆ ಹೆಪ್ಪಿನ ಕಚ್ಚಾಸಾಮಗ್ರಿಯಾದ ಫೈಬ್ರಿನೋಜೆನ್ ಸುಮಾರು 45 ನ್ಯಾನೋಮೀಟರ್ ಉದ್ದದ ಅಣು. ಬಾಯಿಯ ಅಳತೆ ಬದಲಾದರೆ ಅದು ಕೂರುವ ಭಂಗಿಯೇ ಬದಲಾಗಬಹುದು. 2007ರಲ್ಲಿ ಒಂದು ತಂಡ ಈ ಕೊಳವೆಗಳು ನೆತ್ತರನ್ನು ಬೇಗ ಹೆಪ್ಪುಗಟ್ಟಿಸುತ್ತವೆ, ಗಾಯದ ರಕ್ತಸ್ರಾವ ತಡೆಯಲು ಬಳಸಬಹುದು ಎಂದಿತು. 2017ರಲ್ಲಿ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಅಂಥವೇ ಕೊಳವೆಗಳಿಗೆ ಫ್ಲೋರಿನ್ ರಾಸಾಯನಿಕದ ಲೇಪ ಕೊಟ್ಟರು. ಕೆಸುವಿನೆಲೆಯ ಮೇಲಿನ ನೀರಿನಂತೆ ರಕ್ತ ಉರುಳಿಹೋಯಿತು.

ಎರಡೂ ಸುಳ್ಳಲ್ಲ. ಲೇಪ ಒಂದೇ ಅಲ್ಲ, ಕೊಳವೆಯ ಹರಳು ರಚನೆ, ರಕ್ತಕ್ಕೆ ಸೇರಿಸಿದ ಹೆಪ್ಪುರೋಧಕ ಸಿಟ್ರೇಟೋ ಹೆಪಾರಿನೋ, ತಗಡು ಎಷ್ಟು ದಿನ ಗಾಳಿಗೆ ತೆರೆದಿತ್ತು, ಎಲ್ಲವೂ ಫಲಿತಾಂಶವನ್ನು ತಿರುಗಿಸಬಲ್ಲವು. ಜೊತೆಗೆ ಇಂಥ ಬಹಳಷ್ಟು ಪರೀಕ್ಷೆಗಳಲ್ಲಿ ರಕ್ತ ಬಟ್ಟಲಲ್ಲಿ ಗಂಟೆಗಳ ಕಾಲ ಸುಮ್ಮನೆ ನಿಂತಿರುತ್ತದೆ. ನಾಳದ ರಕ್ತ ಹಾಗೆ ನಿಲ್ಲುವುದಿಲ್ಲ. ಅಗ್ಗದ, ಸುಲಭದ ಪರೀಕ್ಷೆಯಿಂದ ಬಂದ ಉತ್ತರಕ್ಕೆ ನಾವು ಕೊಟ್ಟ ಬೆಲೆ ತುಸು ಹೆಚ್ಚಾಯಿತೇನೋ.

ಹರಿವಿನ ಪರೀಕ್ಷೆಗಳೂ ನಡೆದಿವೆ. 2014ರಲ್ಲಿ ಹಾರ್ವರ್ಡ್‌ನ ವಿಸ್ ಸಂಸ್ಥೆ ಜಾರುವ ದ್ರವದ ಪದರವಿರುವ, ರಕ್ತ ಹರಿಯುವ ನಳಿಕೆಯನ್ನು ಹಂದಿಗಳಿಗೆ ಜೋಡಿಸಿತು; ಹೆಪ್ಪುರೋಧಕವಿಲ್ಲದೆ 8 ಗಂಟೆ ರಕ್ತ ಹರಿಯಿತು. ಶಸ್ತ್ರಚಿಕಿತ್ಸೆಗೆ ಅದು ದೊಡ್ಡ ಸಮಯ, ವರ್ಷಗಟ್ಟಲೆ ದುಡಿಯಬೇಕಾದ ಪಂಪಿಗೆ ಏನೇನೂ ಅಲ್ಲ.

ಪಂಪಿನೊಳಗಿನ ಹೆಪ್ಪು ಗಣನೀಯವಾಗಿ ತಗ್ಗಿದ್ದು ಹಾರ್ಟ್‌ಮೇಟ್ 3 ಬಂದ ಮೇಲೆ. ಅಲ್ಲಿ ಮುಖ್ಯವಾಗಿ ಬದಲಾದದ್ದು ಹರಿವು: ಚಕ್ರ ಕಾಂತಬಲದಿಂದ ತೇಲುತ್ತದೆ, ಸಂದುಗಳು ಅಗಲವಾಗಿವೆ. 1990ರ ದಶಕದ ಟೈಟಾನಿಯಂ ಮಣಿಗಳ ಒರಟುತನ ಅದರಲ್ಲೂ ಉಳಿದಿದೆ. ಈ ಪಂಪ್ ಇರುವವರು ಆಸ್ಪಿರಿನ್ ಬಿಡಬಹುದು ಎಂದು 2023ರ ಪ್ರಯೋಗವೊಂದು ತೋರಿಸಿತು. ವಾರ್ಫರಿನ್ ತರಹದ ಮಾತ್ರೆಯನ್ನು ಆ ಪ್ರಯೋಗದಲ್ಲೂ ಯಾರಿಗೂ ಬಿಡಿಸಲಿಲ್ಲ.