ಗಟ್ಟಿಮೇಳಕ್ಕೆ ಮುಂಚೆ ಓದುವ ಕಥೆ

"ಗಟ್ಟಿಮೇಳ, ಗಟ್ಟಿಮೇಳ!" ಅಂತ ಪುರೋಹಿತರು ಕೈಯೆತ್ತಿ ಕೂಗಿದ್ದೇ ತಡ, ಓಲಗ, ಡೋಲು ಒಟ್ಟಿಗೆ ಭೋರ್ಗರೆದವು. ನಮ್ಮ ನೆಂಟರ ಆರು ವರ್ಷದ ಹುಡುಗ ಕಿವಿ ಮುಚ್ಚಿಕೊಂಡು, ಚೀರುತ್ತಾ ಬಾಗಿಲಿನತ್ತ ಓಡಿದ. ಅವನಿಗೆ ಆಟಿಸಂ ಇದೆ, ಅಂದರೆ ಸದ್ದನ್ನೂ ಜನರನ್ನೂ ಅವನ ಮಿದುಳು ಗ್ರಹಿಸುವ ರೀತಿ ಬೇರೆ. ಹಿಂದಿನ ಸಾಲಿನಲ್ಲಿ ಸಲಹೆಗಳು ಶುರುವಾದವು. ದೃಷ್ಟಿ ತೆಗೆಸಿ. ತಾಯತ ಕಟ್ಟಿಸಿ. ನಾಲಿಗೆಗೆ ಬಜೆ ತೇಯ್ದು ಹಚ್ಚಿ. ಒಬ್ಬರಂತೂ "ಅವರಮ್ಮ ಸರಿಯಾಗಿ ಬೆಳೆಸಿಲ್ಲ" ಅಂದೇಬಿಟ್ಟರು.

ಈ ಕೊನೆಯ ಮಾತನ್ನು ಓದಿದವರೂ ಆಡಿದ್ದಾರೆ. 1943ರಲ್ಲಿ ಅಮೆರಿಕದಲ್ಲಿ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದು ಆಟಿಸಂ ಅನ್ನು ಜಗತ್ತಿಗೆ ತೋರಿಸಿದರು. ಆಮೇಲೆ ಎಷ್ಟೋ ವರ್ಷ, ತಾಯಿ ಫ್ರಿಜ್‌ನ ಹಾಗೆ ತಣ್ಣಗಿರುವುದೇ ಇದಕ್ಕೆ ಕಾರಣ ಅಂತ ದೊಡ್ಡ ಡಾಕ್ಟರುಗಳೇ ನಂಬಿದ್ದರು. 1964ರಲ್ಲಿ ಪುಸ್ತಕ ಬರೆದು ಆ ವಾದದ ಬುಡ ಅಲ್ಲಾಡಿಸಿದವರು ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್. ಅವರ ಮಗನಿಗೂ ಆಟಿಸಂ ಇತ್ತು. ಆಟಿಸಂ ಇರುವವರ ಮಿದುಳು ಬೆಳೆಯುವ ರೀತಿಯೇ ಬೇರೆ, ಅಷ್ಟೇ. ದೃಷ್ಟಿ ತೆಗೆದರೆ ಒಲೆಯಲ್ಲಿ ಮೆಣಸಿನಕಾಯಿ ಸುಡುತ್ತದೆ, ಇನ್ನೇನೂ ಆಗುವುದಿಲ್ಲ.

ಹುಡುಗನ ಅಮ್ಮ ಬೇರೆ ದಾರಿ ಹಿಡಿದರು. ಮಿಶಿಗನ್‌ನ ಶಾಲೆಗಳಲ್ಲಿ ಇಂಥ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದ ಕ್ಯಾರೋಲ್ ಗ್ರೇ 1990ರ ದಶಕದ ಶುರುವಿನಲ್ಲಿ ರೂಪಿಸಿದ ದಾರಿ ಅದು. ಹೆಸರು ಸೋಷಿಯಲ್ ಸ್ಟೋರಿ, ಅಂದರೆ ಎಲ್ಲಿ ಏನಾಗುತ್ತದೆ, ಯಾಕೆ ಅಂತ ಮಗುವಿಗೆ ಮೊದಲೇ ಹೇಳುವ ಪುಟ್ಟ ಬರಹ. ಕಥೆ ಅಂದ ತಕ್ಷಣ ನಮಗೆ ಆಮೆ, ಮೊಲ, ಕೊನೆಗೊಂದು ನೀತಿ ನೆನಪಾಗುತ್ತದೆ, ಅಲ್ವಾ? ಎಡವುವುದೇ ಇಲ್ಲಿ. "ಗಲಾಟೆ ಮಾಡಿದ ಮಂಗ ಕೆಟ್ಟಿತು" ಅಂತ ಹೇಳಿದರೆ ಈ ಮಗು ಮಂಗನ ಬಗ್ಗೆ ಯೋಚಿಸುತ್ತದೆ. ಅಮ್ಮ ಬರೆದಿದ್ದು ಹೀಗೆ:

"ನಾನು ಮದುವೆಗೆ ಹೋಗುತ್ತೇನೆ. ಅಲ್ಲಿ ಓಲಗ ಊದುತ್ತಾರೆ. ತಾಳಿ ಕಟ್ಟುವಾಗ ಒಬ್ಬರು 'ಗಟ್ಟಿಮೇಳ' ಅಂತ ಕೂಗುತ್ತಾರೆ. ಆಗ ಸದ್ದು ತುಂಬಾ ಜಾಸ್ತಿಯಾಗುತ್ತದೆ. ಆ ಹೊತ್ತಿನಲ್ಲಿ ಬೇರೆ ಮಾತು ಕೇಳಿಸಬಾರದು ಅಂತ ದೊಡ್ಡವರು ಜೋರಾಗಿ ಬಾರಿಸಲು ಹೇಳುತ್ತಾರೆ. ಸ್ವಲ್ಪ ಹೊತ್ತಿಗೆ ಸದ್ದು ಕಡಿಮೆಯಾಗುತ್ತದೆ. ನಾನು ಕಿವಿ ಮುಚ್ಚಿಕೊಳ್ಳಬಹುದು. ಆಮೇಲೆ ಸಾಮಾನ್ಯವಾಗಿ ಊಟ ಇರುತ್ತದೆ."

ಕೆಟ್ಟ ಮಾತು ಕಿವಿಗೆ ಬೀಳಬಾರದು ಅಂತ ಗಟ್ಟಿಮೇಳ ಬಾರಿಸುವುದೂ ನಂಬಿಕೆಯೇ. ಇರಲಿ. ದೊಡ್ಡವರು ಯಾಕೆ ಹಾಗೆ ಆಡುತ್ತಾರೆ ಅನ್ನುವುದು ಮಗುವಿಗೆ ಗೊತ್ತಾಗಬೇಕು.

ಈಗ ವಾಕ್ಯ ಎಣಿಸಿ. ಒಟ್ಟು ಎಂಟು. ಏಳರಲ್ಲಿ ಬರೀ ವಿವರ, ಒಂದರಲ್ಲಿ ಮಾತ್ರ ಮಗು ಏನು ಮಾಡಬಹುದು ಅನ್ನುವ ಸೂಚನೆ. ಸೂಚನೆಗಿಂತ ವಿವರ ಕನಿಷ್ಠ ಎರಡು ಪಟ್ಟು ಇರಲಿ ಅನ್ನುತ್ತಾರೆ ಗ್ರೇ. "ನೀನು ಸುಮ್ನೆ ಕೂರಬೇಕು" ಅನ್ನುವ ಧಾಟಿಗೆ ಜಾಗವೇ ಇಲ್ಲ. ಯಕ್ಷಗಾನಕ್ಕೆ ಹೋದವರನ್ನು ನೋಡಿ. ಬಣ್ಣದ ವೇಷ ಅಬ್ಬರಿಸುತ್ತಾ ಬಂದಾಗ ಹೊಸ ಮಗು ಅಜ್ಜನ ಪಂಚೆ ಹಿಡಿಯುತ್ತದೆ. ಅಜ್ಜ ಆರಾಮಾಗಿ ಎಲೆಅಡಿಕೆ ಜಗಿಯುತ್ತಾನೆ. ಅವನಿಗೆ ಪ್ರಸಂಗ ಗೊತ್ತು. ರಾತ್ರಿ ಬಸ್ಸು ಎಲ್ಲೋ ನಿಂತಾಗ ಕಂಡಕ್ಟರ್ "ಇಳೀರಿ" ಅಂದರೆ ಗಾಬರಿ, "ಊಟಕ್ಕೆ ಅರ್ಧ ಗಂಟೆ" ಅಂದರೆ ನೆಮ್ಮದಿ. ಇಂಜೆಕ್ಷನ್ ಕೊಡುವಾಗ "ಇರುವೆ ಕಚ್ಚಿದ ಹಾಗಾಗುತ್ತೆ" ಅನ್ನುವ ನರ್ಸ್ ಮಾಡುವುದೂ ಇದನ್ನೇ. ಮುಂದೇನು ಅಂತ ಗೊತ್ತಿದ್ದರೆ ಅರ್ಧ ಹೆದರಿಕೆ ಇಳಿಯುತ್ತದೆ.

"ಸಾಮಾನ್ಯವಾಗಿ" ಅನ್ನುವ ಪದವನ್ನೂ ಗಮನಿಸಿ. ಅಕ್ಷರಕ್ಕೆ ಅಕ್ಷರ ನಂಬುವ ಮಗುವಿಗೆ "ಆಮೇಲೆ ಊಟ" ಅಂತ ಬರೆದು ಊಟ ತಡವಾದರೆ ಕಥೆ ಸುಳ್ಳಾಯಿತು. ಇಂಥ ಮಗುವಿಗೆ "ತಲೆ ತಿನ್ನಬೇಡ" ಅಂತ ಹೇಳಿ ನೋಡಿ. "ನಾನು ಎಲ್ಲಿ ತಿಂದೆ?" ಅಂತ ಕೇಳೀತು.

ಇದು ಮಂತ್ರವಲ್ಲ ಅನ್ನುವುದನ್ನೂ ಹೇಳಬೇಕು. ಬ್ರಿಟನ್ನಿನಲ್ಲಿ 87 ಶಾಲೆಗಳ 249 ಮಕ್ಕಳನ್ನು ಸೇರಿಸಿಕೊಂಡು ನಡೆಸಿದ ಪ್ರಯೋಗದಲ್ಲಿ, ಆರು ತಿಂಗಳ ಮೇಲೂ ಮಕ್ಕಳು ಬೇರೆಯವರೊಡನೆ ಬೆರೆಯುವುದರಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಒಂದೊಂದು ಮಗುವಿಗೂ ಹಾಕಿಕೊಂಡಿದ್ದ ಪುಟ್ಟ ಗುರಿಯ ವಿಷಯದಲ್ಲಿ ಕಥೆ ಓದಿದವರು ಜಾಸ್ತಿ ಮುಂದೆ ಹೋಗಿದ್ದರು. ನನಗೆ ಇದು ಸೋಲು ಅನ್ನಿಸುವುದಿಲ್ಲ. ಗಟ್ಟಿಮೇಳದ ಕಥೆ ಗಟ್ಟಿಮೇಳಕ್ಕೆ ಸಾಕು. ಕಟಿಂಗ್ ಶಾಪ್‌ಗೆ ಬೇರೆ ಕಥೆ ಬರೆಯೋಣ.

ಇನ್ನೊಂದು ಮಾತು. 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಬ್ರಿಟಿಷ್ ಸಂಶೋಧಕರು, ಅವರಿಗೂ ಆಟಿಸಂ ಇದೆ, ಒಬ್ಬರಿಗೊಬ್ಬರು ಅರ್ಥವಾಗದಿರುವುದು ಎರಡೂ ಕಡೆಯ ತೊಂದರೆ ಅಂದರು. ಆ ಹಿಂದಿನ ಸಾಲಿನವರಿಗೂ ಯಾರಾದರೂ ಒಂದು ಕಥೆ ಬರೆದುಕೊಡಬೇಕಿತ್ತು.

ಮುಂದಿನ ಮದುವೆಗೆ ಮುಂಚೆ ಹತ್ತು ದಿನ ಅಮ್ಮ, ಮಗ ಕೂತು ಆ ಹಾಳೆ ಓದಿದರು. ಗಟ್ಟಿಮೇಳ ಬಂತು. ಹುಡುಗ ಕಿವಿ ಮುಚ್ಚಿ, ಕಣ್ಣನ್ನೂ ಮುಚ್ಚಿ, ಕುರ್ಚಿಯಲ್ಲೇ ಮುದುಡಿ ಕೂತ. ಸದ್ದು ಇಳಿದ ಮೇಲೆ ಕೈ ತೆಗೆದ. ಅವತ್ತು ಊಟದ ಪಂಕ್ತಿ ಒಂದು ಗಂಟೆ ತಡ. ತಾತ ಗೊಣಗುತ್ತಿದ್ದರು. ಇವನು ಅವರ ಮುಖವನ್ನೂ ನೋಡದೆ ಹೇಳಿದ: "ತಾತ, ಸಾಮಾನ್ಯವಾಗಿ."