ಎಎಸ್‌ಸಿ ಅಂದರೆ ಬರೀ ಲಾರಿ ಓಡಿಸೋದಾ?

ಪ್ರಶ್ನೆ: ನನ್ನ ತಮ್ಮ ಸೈನ್ಯಕ್ಕೆ ಆಯ್ಕೆಯಾಗಿದ್ದಾನೆ. ಸಿಕ್ಕಿರುವುದು ಎಎಸ್‌ಸಿ, ಡ್ರೈವರ್ ಕೆಲಸ. ಊರಲ್ಲಿ ಸಿಕ್ಕಿದವರೆಲ್ಲ "ಲಾರಿ ಓಡಿಸೋಕೆ ಮಿಲಿಟರಿಗೇ ಹೋಗ್ಬೇಕಿತ್ತಾ?" ಅಂತಾರೆ. ಅವನಿಗೂ ಒಳಗೊಳಗೇ ಬೇಜಾರು. ಈ ವಿಭಾಗದ ಕೆಲಸ ನಿಜವಾಗಿ ಏನು? ಯುದ್ಧ ಬಂದರೆ ಇವರು ಎಲ್ಲಿರುತ್ತಾರೆ?

ಉತ್ತರ: ನಿಮ್ಮ ತಮ್ಮ ಸೈನಿಕನೇ, ಅದರಲ್ಲಿ ಅನುಮಾನ ಬೇಡ. ಅವನಿಗೂ ಮೊದಲು ಕಲಿಸುವುದು ಓಟ, ಪರೇಡು, ರೈಫಲ್. ಸ್ಟೀರಿಂಗ್ ಆಮೇಲೆ. ಈ ವಿಭಾಗದ ತರಬೇತಿ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ಒಂದೇ ಬುಲೆಟ್ ಬೈಕ್ ಮೇಲೆ 58 ಜನ ಹತ್ತಿ 2017ರಲ್ಲಿ ಯಲಹಂಕದಲ್ಲಿ ದಾಖಲೆ ಮಾಡಿದ 'ಟಾರ್ನೆಡೋಸ್' ತಂಡ ನೆನಪಿದೆಯಾ? ಅವರು ಇದೇ ಎಎಸ್‌ಸಿಯವರು.

ಎಎಸ್‌ಸಿ ಅಂದರೆ ಆರ್ಮಿ ಸರ್ವಿಸ್ ಕೋರ್. ಸೈನ್ಯಕ್ಕೆ ರೇಷನ್ ಕೊಡುವುದು, ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಕೊಡುವುದು, ಸಾಮಾನು ಸಾಗಿಸುವುದು ಇವರ ಮುಖ್ಯ ಕೆಲಸ. ಮದ್ದುಗುಂಡು, ಬಟ್ಟೆಬರೆ ದಾಸ್ತಾನು ಮಾಡುವುದು ಆರ್ಡ್‌ನೆನ್ಸ್ ಕೋರ್, ಗಾಡಿ ರಿಪೇರಿ ಇಎಂಇ ಅನ್ನುವ ಇನ್ನೊಂದು ಕೋರ್, ಗಡಿಯ ರಸ್ತೆ ಮಾಡುವುದು ಬಿಆರ್‌ಒ ಅನ್ನುವ ಗಡಿ ರಸ್ತೆ ಸಂಸ್ಥೆ. ಹೊರಗಿನವರು ಇವನ್ನೆಲ್ಲ ಒಂದೇ ಅಂದುಕೊಳ್ಳುತ್ತಾರೆ. ಆದರೆ ಮದ್ದುಗುಂಡಿನ ಪೆಟ್ಟಿಗೆ ಡಿಪೋದಿಂದ ಗಡಿಯ ಕಡೆ ಹೊರಡಬೇಕಾದರೆ, ಅದನ್ನು ಹೊರುವುದು ಹೆಚ್ಚಾಗಿ ನಿಮ್ಮ ತಮ್ಮನಂಥವರ ಲಾರಿ.

ಈ ಕೆಲಸದ ತೂಕ ಗೊತ್ತಾಗಬೇಕಾದರೆ ಲಡಾಖ್ ನೋಡಬೇಕು. ಅಲ್ಲಿಗೆ ಹೋಗುವ ಹಳೆಯ ರಸ್ತೆಗಳು ಎರಡು. ಶ್ರೀನಗರದ ಕಡೆಯದು ಜೋಜಿಲಾ ಕಣಿವೆಮಾರ್ಗ ಹತ್ತಿ ಇಳಿಯುತ್ತದೆ, ಅದರ ಎತ್ತರ ಸುಮಾರು 11,500 ಅಡಿ. ಇನ್ನೊಂದು ಮನಾಲಿ ಕಡೆಯದು. ಹಿಮ ಬಿತ್ತು ಅಂದರೆ ಎರಡೂ ಬಂದ್. ಹಿಂದೆಲ್ಲ ಐದಾರು ತಿಂಗಳು ಮುಚ್ಚಿಯೇ ಇರುತ್ತಿದ್ದವು. ಈಗ ಬಿಆರ್‌ಒದವರು ಜೋಜಿಲಾವನ್ನು ತುಂಬ ಬೇಗ ತೆರೆಯುತ್ತಾರೆ, 2020ರಲ್ಲಿ ಮನಾಲಿ ರಸ್ತೆಯಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗವೂ ಬಂತು. ಆದರೂ ಚಳಿಗಾಲವನ್ನು ನಂಬಿ ಕೂರುವ ಹಾಗಿಲ್ಲ. ಹಾಗಾಗಿ ಜನವರಿಯಲ್ಲಿ ಬೇಯುವ ಬೇಳೆ ಬೇಸಿಗೆಯಲ್ಲೇ ಮೇಲೆ ಹೋಗಿರಬೇಕು. ಅಕ್ಕಿ, ಹಿಟ್ಟು, ಸಕ್ಕರೆ, ಡಬ್ಬಿ ಹಣ್ಣು, ಟೆಂಟು, ಕೋಣೆ ಬೆಚ್ಚಗಿಡುವ ಬುಖಾರಿ ಒಲೆ, ಅದಕ್ಕೆ ಬೇಕಾದ ಸೀಮೆಎಣ್ಣೆ, ಎಲ್ಲವೂ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಸೌದೆ, ಹಪ್ಪಳ, ಉಪ್ಪಿನಕಾಯಿ ಕೂಡಿಡ್ತಾರಲ್ವಾ, ಅದೇ ಲೆಕ್ಕ. ಅಲ್ಲಿ ಮನೆ ಒಂದಲ್ಲ, ಇಡೀ ಸೈನ್ಯ. 2020ರಲ್ಲಿ ಗಾಲ್ವಾನ್‌ನಲ್ಲಿ ಚೀನಾ ಸೈನಿಕರ ಜೊತೆ ಘರ್ಷಣೆ ಆದಾಗ ಹತ್ತಾರು ಸಾವಿರ ಸೈನಿಕರು ಹೆಚ್ಚುವರಿಯಾಗಿ ಲಡಾಖ್‌ಗೆ ಹೋದರು. ಅಷ್ಟೂ ಜನರ ಚಳಿಗಾಲದ ವ್ಯವಸ್ಥೆ ಕೆಲವೇ ತಿಂಗಳಲ್ಲಿ ಆಗಬೇಕಿತ್ತು. ಆಯಿತು.

ಅಲ್ಲಿನ ಚಳಿ ಎಲ್ಲ ಸಾಮಾನಿನ ಗುಣವನ್ನೂ ಬದಲಾಯಿಸಿಬಿಡುತ್ತದೆ. ಸಾಮಾನ್ಯ ಡೀಸೆಲ್ ಗಟ್ಟಿಯಾಗಿ ಪೈಪಲ್ಲೇ ನಿಲ್ಲುತ್ತದೆ. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ 2019ರಲ್ಲಿ ತಂದಿತು. ಆ ಎತ್ತರದಲ್ಲಿ ನೀರು 100 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಅಂದರೆ ಬೇಳೆ ತಲುಪಿದರೆ ಸಾಲದು, ಕುಕ್ಕರೂ ಎಣ್ಣೆಯೂ ಜೊತೆಗೇ ತಲುಪಬೇಕು. ಇಂಥ ಜಾಗಕ್ಕೆ ಅಂತಲೇ ಊಟ ತಯಾರಿಸುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಡಿಎಫ್‌ಆರ್‌ಎಲ್, 1961ರಲ್ಲಿ ನಮ್ಮ ಮೈಸೂರಿನಲ್ಲಿ ಶುರುವಾಯಿತು. ಪೊಟ್ಟಣ ಬಿಸಿ ಮಾಡಿ ತಿನ್ನುವ ಪಲಾವ್, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ತಿಂಗಳುಗಟ್ಟಲೆ ಕೆಡದ ಚಪಾತಿ, ಇವೆಲ್ಲ ಅಲ್ಲಿಯ ಕೆಲಸ.

ರಸ್ತೆ ಮುಗಿದ ಮೇಲೆ? ಅಲ್ಲಿಂದ ಹೇಸರಗತ್ತೆ. ನಗಬೇಡಿ, ಎಎಸ್‌ಸಿಯಲ್ಲಿ ಇವತ್ತಿಗೂ ಹೇಸರಗತ್ತೆಗಳ ತುಕಡಿಗಳಿವೆ. ಒಂದು ಪ್ರಾಣಿ ಸುಮಾರು 60-70 ಕಿಲೋ ಹೊರುತ್ತದೆ. ಐದು ಟನ್ನಿನ ಒಂದು ಲಾರಿ ಖಾಲಿ ಮಾಡಿದರೆ ಎಪ್ಪತ್ತಕ್ಕೂ ಜಾಸ್ತಿ ಹೇಸರಗತ್ತೆ ಬೇಕು. ಅವು ಹತ್ತಲಾಗದ ಕಡೆ ಮನುಷ್ಯನ ಬೆನ್ನು, ಅದೂ ಆಗದಿದ್ದರೆ ಹೆಲಿಕಾಪ್ಟರ್. ಸಿಯಾಚಿನ್‌ನ ತುದಿಯ ಪೋಸ್ಟುಗಳಲ್ಲಿ ಗಾಳಿ ಎಷ್ಟು ತೆಳು ಅಂದರೆ ಹೆಲಿಕಾಪ್ಟರಿಗೂ ಸ್ವಲ್ಪವೇ ಭಾರ ಎತ್ತಲು ಸಾಧ್ಯ. ಮೇಲೆ ಹೋದಂತೆಲ್ಲ ಒಂದೊಂದು ಕಿಲೋಗೂ ಬೆಲೆ ಏರುತ್ತದೆ.

ಇನ್ನು, ಯುದ್ಧದಲ್ಲಿ ಇವರು ಎಲ್ಲಿರುತ್ತಾರೆ ಅಂತ ಕೇಳಿದಿರಿ. 1999ರ ಕಾರ್ಗಿಲ್ ಯುದ್ಧದ ದ್ರಾಸ್ ನೆನೆಸಿಕೊಳ್ಳಿ. ತೋಲೋಲಿಂಗ್ ಬೆಟ್ಟದ ಮೇಲೆ ಕೂತ ಶತ್ರುವಿಗೆ ಕೆಳಗಿನ ಶ್ರೀನಗರ-ಲೇಹ್ ಹೆದ್ದಾರಿ ಅಂಗೈ ಮೇಲಿನ ಗೆರೆಯ ಹಾಗೆ ಕಾಣುತ್ತಿತ್ತು. ಗಾಡಿ ಕಂಡ ಕೂಡಲೇ ಶೆಲ್ ಬೀಳುತ್ತಿತ್ತು. ಅದಕ್ಕೇ ಕಾನ್ವಾಯ್‌ಗಳು, ಅಂದರೆ ಸಾಲಾಗಿ ಹೋಗುವ ಲಾರಿಗಳು, ರಾತ್ರಿ ಹೊರಡುತ್ತಿದ್ದವು, ಹೆಡ್‌ಲೈಟ್ ಹಾಕದೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕೆಳಗೆ ನದಿ, ಹಿಂದೆ ಲಾರಿ ತುಂಬ ಮದ್ದುಗುಂಡು. ಬಂದೂಕು ಹಿಡಿದವನಿಗೆ ಬಂಡೆಯ ಮರೆಯಾದರೂ ಸಿಗುತ್ತದೆ. ಡ್ರೈವರಿಗೆ ಇರುವುದು ಗಾಜು. ಅವನು ಗಾಡಿ ಬಿಟ್ಟು ಓಡುವ ಹಾಗಿಲ್ಲ, ಯಾಕೆಂದರೆ ಮೇಲೆ ಫಿರಂಗಿಗಳು ಅವನ ಲೋಡಿಗಾಗಿ ಕಾಯುತ್ತಿರುತ್ತವೆ. 'ಲಾರಿ ಓಡಿಸೋದು' ಅನ್ನುವವರಿಗೆ ಇದನ್ನು ದಯವಿಟ್ಟು ಹೇಳಿ.

ಸಾಗಾಟ ಕೈಕೊಟ್ಟರೆ ಏನಾಗುತ್ತದೆ ಅಂತ ನಮ್ಮ ದೇಶ ಒಮ್ಮೆ ನೋಡಿದೆ. 1962ರ ಅಕ್ಟೋಬರ್, ಚೀನಾ ಯುದ್ಧ, ಈಗಿನ ಅರುಣಾಚಲದ ನಾಮ್ಕಾ ಚು ಹೊಳೆ. ರಸ್ತೆ ಮುಗಿಯುವ ಕಡೆಯಿಂದ ಅಲ್ಲಿಗೆ ದಿನಗಟ್ಟಲೆ ನಡಿಗೆ. ವಿಮಾನದಿಂದ ಎಸೆದ ಸಾಮಾನಿನಲ್ಲಿ ತುಂಬಾ ಕಮರಿಗೆ, ಕಾಡಿಗೆ ಬಿದ್ದು ಹೋಯಿತು. ಎಷ್ಟೋ ಜನರ ಮೈಮೇಲೆ ಹತ್ತಿಯ ಬೇಸಿಗೆ ಸಮವಸ್ತ್ರ, ಕೈಯಲ್ಲಿ ತಲಾ ಐವತ್ತರಷ್ಟು ಗುಂಡು. 20ರ ಬೆಳಿಗ್ಗೆ ಚೀನೀಯರು ನುಗ್ಗಿದಾಗ ಅಲ್ಲಿದ್ದ ನಮ್ಮ ಬ್ರಿಗೇಡ್ ಕೆಲವೇ ಗಂಟೆಗಳಲ್ಲಿ ಚದುರಿಹೋಯಿತು. ಆ ಹುಡುಗರಲ್ಲಿ ಧೈರ್ಯಕ್ಕೆ ಕೊರತೆ ಇರಲಿಲ್ಲ. ಅವರಿಗೆ ಕಂಬಳಿ ಮತ್ತು ಗುಂಡು ತಲುಪಿರಲಿಲ್ಲ. ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ನಿಮ್ಮ ತಮ್ಮನಿಗೆ ಪೆಡೊಂಗಿಯ ಕಥೆಯನ್ನೂ ಹೇಳಿ, ಖುಷಿಯಾಗ್ತಾನೆ. ಪೆಡೊಂಗಿ ಎಎಸ್‌ಸಿಯ ಒಂದು ಹೆಣ್ಣು ಹೇಸರಗತ್ತೆ. 1971ರಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕಿತು, ಅವರು ಅದರ ಬೆನ್ನಿಗೆ ತಮ್ಮ ಮೆಷಿನ್ ಗನ್ ಹೇರಿದರು. ಅದು ತಪ್ಪಿಸಿಕೊಂಡು, ಹೊರೆಯ ಸಮೇತ ನಡೆದು ನಮ್ಮ ಕಡೆಗೇ ಬಂತು. ಬಹಳ ವರ್ಷ ಸೇವೆಯಲ್ಲಿದ್ದು ಗಿನ್ನೆಸ್ ಪುಸ್ತಕವನ್ನೂ ಸೇರಿತು.

ಕೊನೆಗೆ ಮನೆಯವರಿಗೆ ಒಂದು ಮಾತು. ಪೋಸ್ಟಿಂಗ್ ಬೆಟ್ಟದ ಕಡೆ ಸಿಕ್ಕರೆ ಅವನ ಫೋನ್ ಕೆಲವು ದಿನ ಬರುವುದಿಲ್ಲ. ಕಾನ್ವಾಯ್ ಹೊರಟ ಮೇಲೆ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ, ಹೊರಡುವ ಹೊತ್ತು, ಹೋಗುವ ದಾರಿ ಹೇಳುವಂತೆಯೂ ಇಲ್ಲ. ಅಮ್ಮನಿಗೆ ಇದನ್ನು ಈಗಲೇ ತಿಳಿಸಿಡಿ. ಫೋನ್ ಬಂದ ದಿನ "ಎಲ್ಲಿದ್ದೀಯಾ?" ಅಂತ ಕೇಳುವ ಬದಲು "ಊಟ ಆಯ್ತಾ?" ಅಂತ ಕೇಳಿ. ಅದಕ್ಕೆ ಅವನು ಉತ್ತರ ಕೊಡಬಹುದು.